ಷಿಕಾಗೋದ ಚಳಿಗಾಲದಲ್ಲಿ ಮನೆಯೊಳಗಿನ ಹೂಗಿಡಗಳು: ನನ್ನ ಅನುಭವ

ಷಿಕಾಗೋದ ಉಪನಗರದಲ್ಲಿರುವ ನಮ್ಮ ಮನೆಯಲ್ಲಿ ದುಂಡು ಮಲ್ಲಿಗೆ, ದಾಸವಾಳ, ಆಫ್ರಿಕನ್ ವಯೊಲೆಟ್ ಮತ್ತು ಫಲೆನಾಪ್ಸಿಸ್ ಆರ್ಕಿಡ್‌ಗಳನ್ನು ಹಲವು ವರ್ಷಗಳಿಂದ ಸಾಕುತ್ತಿದ್ದೇನೆ. ಜನವರಿಯಲ್ಲಿ ಹೊರಗಿನ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ದಿನಗಳೂ ಇಲ್ಲುಂಟು. ಹಾಗಿದ್ದರೂ ಮನೆಯೊಳಗೆ ಹೀಟರಿನಿಂದಾಗಿ 20 ಡಿಗ್ರಿಯಷ್ಟು ಬೆಚ್ಚಗಿರುವುದರಿಂದ ಗಿಡಗಳನ್ನು ಹೆಚ್ಚಾಗಿ ಬಾಧಿಸುವುದು ಬೆಳಕಿನ ಕೊರತೆ ಮತ್ತು ಒಣಹವೆ. ಬೆಳಕು ಎಷ್ಟು ಕಡಿಮೆಯಾಯಿತೋ ನೀರನ್ನೂ ಅಷ್ಟೇ ಕಡಿಮೆ ಮಾಡಬೇಕು ಎಂಬುದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ.

ಡಿಸೆಂಬರ್ 21ರ ಸುಮಾರಿಗೆ ಇಲ್ಲಿ ಹಗಲು 9 ಗಂಟೆಗಿಂತ ತುಸುವೇ ಹೆಚ್ಚು. ಆಗ ಬೆಂಗಳೂರಿನಲ್ಲಿ 11 ಗಂಟೆಗೂ ಮೀರಿ ಹಗಲಿರುತ್ತದೆ. ಇರುವಷ್ಟು ಹೊತ್ತೂ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ತಗ್ಗಿನಲ್ಲೇ ಸಾಗುತ್ತಾನೆ, ಮೋಡ ಕವಿದ ದಿನಗಳಂತೂ ಒಂದರ ಹಿಂದೊಂದು ಬರುತ್ತವೆ. ಬೆಳಕಿಲ್ಲದೆ ಎಲೆಗಳು ಆಹಾರ ತಯಾರಿಸುವುದು ನಿಧಾನವಾದಾಗ ಬೇರುಗಳು ನೀರು ಹೀರುವುದೂ ನಿಧಾನವಾಗುತ್ತದೆ. ಬೇಸಿಗೆಯ ಅಭ್ಯಾಸದಂತೆ ದಿನವೂ ನೀರು ಹಾಕುತ್ತಿದ್ದರೆ ಮಣ್ಣಿನ ಸಂದುಗಳಲ್ಲಿ ಗಾಳಿಗೆ ಜಾಗವಿಲ್ಲದೆ ಬೇರು ಕೊಳೆಯುತ್ತದೆ. ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡದಂತೆಯೇ ಬಾಡಿ ಕಾಣುವುದರಿಂದ ಅನೇಕರು ಅದಕ್ಕೆ ಮತ್ತಷ್ಟು ನೀರು ಸುರಿಯುತ್ತಾರೆ. ಆದುದರಿಂದ ನಾನು ವಾರದ ಲೆಕ್ಕವಿಟ್ಟು ನೀರು ಹಾಕುವುದಿಲ್ಲ. ಕುಂಡವನ್ನು ಎರಡೂ ಕೈಯಿಂದ ತುಸು ಎತ್ತಿ ನೋಡುತ್ತೇನೆ. ಹಗುರವಾಗಿದ್ದು, ಬೆರಳನ್ನು ಎರಡು ಗೆಣ್ಣಿನಷ್ಟು ಆಳಕ್ಕೆ ಇಳಿಸಿದಾಗಲೂ ಮಣ್ಣು ಒಣಗಿದ್ದರೆ ಮಾತ್ರ, ತಳದ ತೂತಿನಿಂದ ಹೊರಬರುವಷ್ಟು ನೀರೆರೆದು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡುತ್ತೇನೆ.

ಚಳಿಗಾಲದಲ್ಲಿ ನಲ್ಲಿಯ ನೀರು ಕೈಗೆ ಕೊರೆಯುವಷ್ಟು ತಣ್ಣಗಿರುತ್ತದೆ. ಹಿಂದಿನ ರಾತ್ರಿಯೇ ಹಿಡಿದಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆಯೇ ಅದನ್ನು ಬಳಸುತ್ತೇನೆ. ಗಡಸು ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಇರುವ ಮನೆಗಳಲ್ಲಿ, ಅದರಿಂದ ಬರುವ ನೀರಿನಲ್ಲಿ ಸೋಡಿಯಂ ಸೇರಿರುತ್ತದೆ. ಕುಂಡದ ಮಣ್ಣಿನಲ್ಲಿ ಅದು ಶೇಖರವಾಗುತ್ತಾ ಹೋಗುವುದರಿಂದ ಸಾಫ್ಟ್‌ನರ್ ಹಾಯದ ನಲ್ಲಿಯ ನೀರನ್ನೇ ಗಿಡಗಳಿಗೆ ಕೊಡುವುದು ಒಳ್ಳೆಯದು.

ನಮ್ಮ ಮಲ್ಲಿಗೆ ಇಲ್ಲಿಯ ನರ್ಸರಿಗಳಲ್ಲಿ ‘ಮೇಡ್ ಆಫ್ ಆರ್ಲಿಯನ್ಸ್’ ಎಂಬ ಹೆಸರಿನಲ್ಲಿ ಸಿಗುವ ತಳಿ. ಊರಿನಿಂದಲೇ ಗಿಡ ತರಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಮಣ್ಣಿನ ಸಮೇತ ಗಿಡ ತರಲು ಅಮೆರಿಕದ ನಿಯಮಗಳು ಅವಕಾಶ ಕೊಡುವುದಿಲ್ಲ. ರಾತ್ರಿಯ ಉಷ್ಣಾಂಶ 10 ಡಿಗ್ರಿಯ ಹತ್ತಿರ ಬರುವ ಸೆಪ್ಟೆಂಬರ್ ಕೊನೆಯಲ್ಲಿ, ಹೀಟರ್ ಹಾಕುವುದಕ್ಕೆ ಮುಂಚೆಯೇ, ಎಲೆಗಳ ಎರಡೂ ಬದಿಯನ್ನು ತೊಳೆದು ಅದನ್ನು ಒಳಗೆ ತರುತ್ತೇನೆ. ಬಂದ ಕೆಲವು ವಾರಗಳಲ್ಲಿ ಒಂದಷ್ಟು ಎಲೆಗಳು ಹಳದಿಯಾಗಿ ಉದುರುತ್ತವೆ. ಹೊರಗಿನ ಬಿಸಿಲಿಗೆ ಹೊಂದಿಕೊಂಡಿದ್ದ ಗಿಡ ಕಡಿಮೆ ಬೆಳಕಿಗೆ ಒಗ್ಗಿಕೊಳ್ಳುತ್ತಿರುವ ಲಕ್ಷಣವಿದು. ಇದಕ್ಕೆ ಗೊಬ್ಬರ ಮದ್ದಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಮಲ್ಲಿಗೆಗೂ ದಾಸವಾಳಕ್ಕೂ ನಾನು ಗೊಬ್ಬರವನ್ನೇ ಹಾಕುವುದಿಲ್ಲ, ಕುಂಡವನ್ನೂ ಬದಲಿಸುವುದಿಲ್ಲ.

ಎರಡನ್ನೂ ದಕ್ಷಿಣದ ಕಿಟಕಿಯ ಬಳಿ, ಎಲೆ ಗಾಜಿಗೆ ತಾಗದಂತೆ ಇಡುತ್ತೇನೆ. ಕೊರೆಯುವ ರಾತ್ರಿಗಳಲ್ಲಿ ಗಾಜಿಗೆ ಅಂಟಿಕೊಂಡ ಎಲೆ ಬೆಳಗಾಗುವುದರೊಳಗೆ ಕಪ್ಪಗಾಗಬಹುದು. ಇಲ್ಲಿಯ ಎಷ್ಟೋ ಮನೆಗಳಲ್ಲಿ ಬಿಸಿಗಾಳಿ ಬರುವ ಕಿಂಡಿ ಕಿಟಕಿಯ ಕೆಳಗೇ ನೆಲದಲ್ಲಿರುತ್ತದೆ. ಆ ಗಾಳಿ ನೇರವಾಗಿ ಬಡಿದರೆ ಮೊಗ್ಗು ಉದುರುವುದು ಖಚಿತ. ಕಿಂಡಿಯ ಮೇಲೆ ಗಾಳಿಯನ್ನು ಪಕ್ಕಕ್ಕೆ ತಿರುಗಿಸುವ ಪ್ಲಾಸ್ಟಿಕ್ ಮುಚ್ಚಳವನ್ನು ಕೂರಿಸಿದ್ದೇನೆ. ಕಿಟಕಿಯ ಬೆಳಕು ಸಾಲದೆ ಬರುವುದರಿಂದ ಗಿಡಗಳ ತುದಿಯಿಂದ ಒಂದಡಿ ಎತ್ತರದಲ್ಲಿ ಎಲ್‌ಇಡಿ ದೀಪವನ್ನು ಕಟ್ಟಿ, ಟೈಮರ್ ಜೋಡಿಸಿ, ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಉರಿಯುವಂತೆ ಮಾಡಿದ್ದೇನೆ.

ಒಣಹವೆಯಲ್ಲಿ ದಾಸವಾಳಕ್ಕೆ ಜೇಡನುಸಿಯ ಕಾಟ ಹೆಚ್ಚು. ಎಲೆಯ ಮೇಲ್ಭಾಗದಲ್ಲಿ ಸೂಜಿಯಿಂದ ಚುಚ್ಚಿದಂತಹ ತಿಳಿ ಚುಕ್ಕೆಗಳು ಕಂಡೊಡನೆ, ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಬೆರಳಿನಿಂದ ತಟ್ಟುತ್ತೇನೆ. ಕಾಗದದ ಮೇಲೆ ಬಿದ್ದ ಧೂಳಿನ ಕಣಗಳಲ್ಲಿ ಕೆಲವು ಮೆಲ್ಲಗೆ ನಡೆಯತೊಡಗಿದರೆ ಅವೇ ಜೇಡನುಸಿಗಳು. ತೊಟ್ಟುಗಳ ನಡುವೆ ನವಿರಾದ ಬಲೆ ಕಾಣಿಸುವವರೆಗೆ ಕಾಯಬಾರದು. ಕುಂಡದ ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ಗಿಡವನ್ನು ಬಚ್ಚಲಿಗೆ ಒಯ್ದು, ಎಲೆಗಳ ತಳಭಾಗಕ್ಕೆ ಬೀಳುವಂತೆ ಷವರ್ ಹಿಡಿದು ತೊಳೆದು, ಆರಿದ ಮೇಲೆ ಗಿಡಗಳಿಗೆಂದೇ ಮಾರುವ ಕೀಟನಾಶಕ ಸೋಪಿನ ದ್ರಾವಣವನ್ನು ಸಿಂಪಡಿಸುತ್ತೇನೆ. ಮೊಟ್ಟೆಗಳು ಈ ಸೋಪಿಗೆ ಸುಲಭವಾಗಿ ಸಾಯುವುದಿಲ್ಲವಾದ್ದರಿಂದ ಐದಾರು ದಿನಗಳ ಅಂತರದಲ್ಲಿ ಇದನ್ನು ಮತ್ತೆರಡು ಬಾರಿ ಮಾಡುವುದು ಅಗತ್ಯ. ಕೈಯಿಂದ ಎಲೆಗಳಿಗೆ ನೀರು ಚಿಮುಕಿಸುವುದರಿಂದ ತೇವಾಂಶ ಕೆಲವೇ ನಿಮಿಷ ಏರಿ ಮತ್ತೆ ಇಳಿಯುತ್ತದೆ, ನುಸಿಗೆ ಅದು ತಡೆಯಾಗದು. ಹ್ಯೂಮಿಡಿಫೈಯರ್ ಇಟ್ಟು ಕೋಣೆಯ ತೇವಾಂಶವನ್ನು ಶೇ. 40ರ ಆಸುಪಾಸಿನಲ್ಲಿ ಉಳಿಸಿಕೊಂಡದ್ದೇ ನನಗೆ ನಿಜವಾಗಿ ಫಲ ಕೊಟ್ಟಿದೆ. ಅದಕ್ಕಿಂತ ಬಹಳ ಹೆಚ್ಚಿಸಿದರೆ ಕಿಟಕಿಯ ಗಾಜಿನ ಮೇಲೆ ನೀರು ಹನಿಗಟ್ಟಿ ಚೌಕಟ್ಟಿಗೆ ಬೂಷ್ಟು ಹಿಡಿಯುತ್ತದೆ.

ಚಳಿಗಾಲದಲ್ಲೇ ಹೂ ಬೇಕೆನ್ನುವವರಿಗೆ ನಾನು ಹೇಳುವುದು ಆಫ್ರಿಕನ್ ವಯೊಲೆಟ್ ಮತ್ತು ಫಲೆನಾಪ್ಸಿಸ್. ವಯೊಲೆಟ್‌ನ ಮೂಲ ಪೂರ್ವ ಆಫ್ರಿಕಾದ ಟಾಂಜಾನಿಯ ಕಡೆಯ ಬೆಟ್ಟಗಳು. ಮರಗಳ ನೆರಳಿನಲ್ಲಿ ಬೆಳೆಯುವ ಸ್ವಭಾವದ ಈ ಗಿಡಕ್ಕೆ ಬಿರುಬಿಸಿಲು ಬೇಕಿಲ್ಲ. ದೀಪದ ಬೆಳಕಿನಲ್ಲೇ ಅದು ವರ್ಷದ ಹೆಚ್ಚಿನ ಕಾಲ ಹೂ ಬಿಡುತ್ತದೆ. ನವಿರು ರೋಮಗಳಿರುವ ಎಲೆಗಳ ಮೇಲೆ ತಣ್ಣೀರು ಬಿದ್ದರೆ ಅಳಿಯದ ಕಲೆಗಳಾಗುತ್ತವೆ. ಅದಕ್ಕಾಗಿ ಕುಂಡದ ತಳದಿಂದ ನೈಲಾನ್ ಬತ್ತಿಯೊಂದನ್ನು ಇಳಿಬಿಟ್ಟು, ಕೆಳಗಿನ ಡಬ್ಬಿಯ ನೀರಿನಲ್ಲಿ ಅದ್ದಿಟ್ಟಿದ್ದೇನೆ. ಹೀಗೆ ಮಾಡುವಾಗ ಕುಂಡದಲ್ಲಿ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಬಿಳಿಯ ಹಗುರ ಕಲ್ಲಿನ ಚೂರುಗಳು) ಹೆಚ್ಚಾಗಿ ಬೆರೆತ ಹಗುರ ಮಿಶ್ರಣವಿರಬೇಕು, ಜಿಗುಟು ಮಣ್ಣಿದ್ದರೆ ಬೇರು ಸದಾ ಒದ್ದೆಯಾಗಿಯೇ ಉಳಿಯುತ್ತದೆ. ದೀಪದಡಿ ಬೆಳೆಯುತ್ತಲೇ ಇರುವುದರಿಂದ ಇದೊಂದಕ್ಕೆ ಮಾತ್ರ ಚಳಿಗಾಲದಲ್ಲೂ ತೀರ ತೆಳುವಾಗಿಸಿದ ಗೊಬ್ಬರ ಕೊಡುತ್ತೇನೆ.

ಫಲೆನಾಪ್ಸಿಸ್‌ಗೆ ಚಳಿಗಾಲದಿಂದ ಉಪಕಾರವೇ ಆಗುತ್ತದೆ. ಶರತ್ಕಾಲದಲ್ಲಿ ಕೆಲವು ವಾರಗಳ ಕಾಲ ರಾತ್ರಿಯ ಉಷ್ಣಾಂಶ 16ರಿಂದ 18 ಡಿಗ್ರಿಗೆ ಇಳಿದರೆ ಅದು ಹೂದಂಟು ಹೊರಡಿಸುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲಿ ಅದನ್ನು ಹೀಟರ್ ಕಡಿಮೆಯಿರುವ ಕೋಣೆಗೆ ವರ್ಗಾಯಿಸುತ್ತೇನೆ. ಎಲೆಯ ಬುಡದಿಂದ ಮೂಡುವ ಹೊಸ ಚಿಗುರು ಬೇರೋ ದಂಟೋ ಎಂದು ತಿಳಿಯಲು ಅದರ ತುದಿಯನ್ನು ನೋಡಬೇಕು: ಬೇರಿನ ತುದಿ ದುಂಡಗೆ ನುಣುಪಾಗಿರುತ್ತದೆ, ಹೂದಂಟಿನ ತುದಿ ಚಪ್ಪಟೆಯಾಗಿ ಸಣ್ಣ ಕೈಗವುಸಿನ ಆಕಾರದಲ್ಲಿರುತ್ತದೆ. ತೊಗಟೆಯ ಚೂರುಗಳಲ್ಲಿ ನೆಟ್ಟ ಈ ಗಿಡಕ್ಕೆ ಪಾರದರ್ಶಕ ಕುಂಡ ಅನುಕೂಲ. ಒಳಗಿನ ಬೇರುಗಳು ಹಸಿರಾಗಿದ್ದರೆ ನೀರು ಬೇಡ, ಬೆಳ್ಳಿಯಂತೆ ಬಿಳುಚಿದ್ದರೆ ನೀರು ಕೊಡಬೇಕು.

ಫೆಬ್ರವರಿ ಕೊನೆಯ ವೇಳೆಗೆ ಹಗಲು ಸುಮಾರು 11 ಗಂಟೆಗೆ ಬೆಳೆದಿರುತ್ತದೆ. ಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಬಿಡುವುದರಿಂದ, ಆಗ ಸೊರಗಿದ ಕೊಂಬೆಗಳನ್ನು ತೆಗೆದು, ಉಳಿದವನ್ನು ಮೂರನೇ ಒಂದು ಭಾಗದಷ್ಟು ಸವರುತ್ತೇನೆ. ಚಿಗುರು ಕಾಣಿಸಿಕೊಂಡ ಮೇಲೆ ನೀರನ್ನು ಹಂತಹಂತವಾಗಿ ಹೆಚ್ಚಿಸಿ, ಮಾರ್ಚ್‌ನಲ್ಲಿ ಗೊಬ್ಬರ ಆರಂಭಿಸುತ್ತೇನೆ. ರಾತ್ರಿಗಳು 10 ಡಿಗ್ರಿಗಿಂತ ಮೇಲೆ ನಿಲ್ಲುವ ಮೇ ತಿಂಗಳ ಕೊನೆಯಲ್ಲಿ ಕುಂಡಗಳು ಹೊರಗೆ ಹೋಗುತ್ತವೆ. ಮೊದಲ ಒಂದು ವಾರ ಪೂರ್ತಿ ನೆರಳು, ಆಮೇಲೆ ಬೆಳಗಿನ ಎಳೆಬಿಸಿಲು. ಒಳಗೆ ಬೆಳೆದ ಎಲೆಗಳು ನೇರ ಬಿಸಿಲಿಗೆ ಒಮ್ಮೆಲೇ ಬಿದ್ದರೆ ಒಂದೇ ಮಧ್ಯಾಹ್ನದಲ್ಲಿ ಸುಟ್ಟುಹೋಗುತ್ತವೆ.