ದೇಶಕ್ಕೆ ಆಪತ್ತು ಅಂದಾಗ ತಾರೀಖು ನೋಡಿ

ಬ್ಯಾಂಕಿನಲ್ಲಿ ಮೂವತ್ತು ವರ್ಷ ವೋಚರ್ ಪಾಸ್ ಮಾಡಿದವನು ನಾನು. ರಾಜಕೀಯ ಭಾಷಣ ಕೇಳುವಾಗಲೂ ಅದೇ ಚಾಳಿ. ದೇಶಕ್ಕೆ ಆಪತ್ತು ಬಂದಿದೆ, ಅಧಿಕಾರ ಜಾಸ್ತಿ ಬೇಕು ಅಂತ ಯಾರಾದರೂ ಹೇಳಿದರೆ ಒಂದು ಹಾಳೆ ಹಿಡಿದು ಕೂರುತ್ತೇನೆ. ನೀವೂ ಕೂತುಕೊಳ್ಳಿ. ಅಭ್ಯಾಸಕ್ಕೆ 1975ರ ತುರ್ತು ಪರಿಸ್ಥಿತಿ ತೆಗೆದುಕೊಳ್ಳೋಣ. ಆಮೇಲೆ ಅದರ ತನಿಖೆಗೆ ನೇಮಿಸಿದ ಷಾ ಆಯೋಗದಿಂದಾಗಿ ಅದರ ಕಾಗದಪತ್ರ ಬೇಕಾದಷ್ಟು ಹೊರಗೆ ಬಂದಿದೆ.

ಮೊದಲು ತಾರೀಖುಗಳನ್ನು ಒಂದರ ಕೆಳಗೊಂದು ಬರೆಯಿರಿ. ಜೂನ್ 12: ಇಂದಿರಾ ಗಾಂಧಿಯವರ ಆಯ್ಕೆ ಅಸಿಂಧು ಅಂತ ಅಲಹಾಬಾದ್ ಹೈಕೋರ್ಟ್ ತೀರ್ಪು. ಜೂನ್ 24: ಸುಪ್ರೀಂ ಕೋರ್ಟಿನ ಷರತ್ತಿನ ತಡೆಯಾಜ್ಞೆ, ಲೋಕಸಭೆಯಲ್ಲಿ ಕೂರಬಹುದು, ಮತ ಹಾಕುವಂತಿಲ್ಲ. ಜೂನ್ 25ರ ರಾತ್ರಿ: ‘ಆಂತರಿಕ ಕ್ಷೋಭೆ’ಯಿಂದ ದೇಶದ ಭದ್ರತೆಗೆ ಅಪಾಯ ಅಂತ ಘೋಷಣೆ.

ಗಲಾಟೆ ಇರಲೇ ಇಲ್ಲ ಅಂತಲ್ಲ. ಬೆಲೆ ಏರಿತ್ತು, 1974ರಲ್ಲಿ ರೈಲ್ವೆ ಮುಷ್ಕರ ಆಗಿತ್ತು, ಸರ್ಕಾರದ ವಿರುದ್ಧ ಜಯಪ್ರಕಾಶ ನಾರಾಯಣರ (ಜೆ.ಪಿ.) ಚಳವಳಿ ಜೋರಾಗಿತ್ತು. ಪೂರಾ ಸುಳ್ಳಾದರೆ ಯಾರು ನಂಬುತ್ತಾರೆ, ಅಲ್ವಾ? ಹಾಗಾಗಿ ಆಪತ್ತು ನಿಜವೋ ಸುಳ್ಳೋ ಅಂತ ಸುಮ್ನೆ ಜಗಳ ಆಡಬೇಡಿ. ಅದರ ಲೆಕ್ಕಕ್ಕೆ ಏನೇನು ಬರೆದರು, ಅದನ್ನು ನೋಡಿ.

ಸಂಸತ್ ಸಮಿತಿ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಿರೋಧ ಪಕ್ಷದ ನಾಯಕರಾದ ವಾಜಪೇಯಿ, ಅಡ್ವಾಣಿಯವರನ್ನು 26ರ ಬೆಳಿಗ್ಗೆ ಇಲ್ಲೇ ಬಂಧಿಸಿದರು. ಆಗಸ್ಟಿನಲ್ಲಿ 39ನೇ ತಿದ್ದುಪಡಿ ಬಂತು: ಪ್ರಧಾನಿಯ ಚುನಾವಣೆ ಇನ್ನು ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ. ಬೀದಿ ಗಲಾಟೆಗೂ ಇದಕ್ಕೂ ಏನು ಸಂಬಂಧ? ಇಂಥ ಬಾಬ್ತು ಸಿಕ್ಕ ಕಡೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ.

ಆಮೇಲೆ ಮಂಜೂರಾತಿ. ರಾಷ್ಟ್ರಪತಿಗಳ ಸಹಿ ರಾತ್ರಿಯೇ ಆಗಿಹೋಗಿತ್ತು. ಸಂಪುಟ ಸಭೆ ಸೇರಿದ್ದು ಬೆಳಿಗ್ಗೆ 6ಕ್ಕೆ. ಮೊದಲು ಕ್ಯಾಶ್ ಕೊಟ್ಟು, ಆಮೇಲೆ ವೋಚರಿಗೆ ಸಹಿ ಹಾಕಿಸಿದ ಹಾಗೆ! ನಾನು ಮಾಡಿದ್ದರೆ ಮಧ್ಯಾಹ್ನದೊಳಗೆ ಮೆಮೊ ಬರುತ್ತಿತ್ತು. 1978ರ 44ನೇ ತಿದ್ದುಪಡಿ ಈ ದಾರಿ ಮುಚ್ಚಿತು. ಸಂಪುಟದ ನಿರ್ಧಾರ ಲಿಖಿತವಾಗಿ ಹೋಗಬೇಕು ಅಂತಾಯಿತು. ತುರ್ತು ಪರಿಸ್ಥಿತಿ ಹೇರಲು ಕಾರಣಗಳ ಪಟ್ಟಿಯಲ್ಲಿ ‘ಆಂತರಿಕ ಕ್ಷೋಭೆ’ ಹೋಗಿ ‘ಸಶಸ್ತ್ರ ಬಂಡಾಯ’ ಬಂತು.

ಕೊನೆಗೆ ಡ್ಯೂ ಡೇಟ್. ಇದು ಯಾವತ್ತು ಮುಗಿಯುತ್ತದೆ, ಯಾರು ಮುಗಿಸಬೇಕು ಅಂತ ಬರೆದಿದೆಯೇ ಹುಡುಕಿ. ಬಾಂಗ್ಲಾ ಯುದ್ಧಕ್ಕೆಂದು 1971ರ ಡಿಸೆಂಬರಿನಲ್ಲಿ ಒಂದು ತುರ್ತು ಪರಿಸ್ಥಿತಿ ಹೇರಿದ್ದರು. 1975ರಲ್ಲೂ ಅದು ಜಾರಿಯಲ್ಲೇ ಇತ್ತು, ಅದರ ಮೇಲೆ ಇನ್ನೊಂದು. ಯುದ್ಧ ಎರಡು ವಾರದಲ್ಲಿ ಮುಗಿದಿತ್ತು. ಆ ಹಳೇ ಖಾತೆ ಕ್ಲೋಸ್ ಆಗಿದ್ದು ಮಾತ್ರ 1977ರ ಮಾರ್ಚಿನಲ್ಲಿ.