ಉದ್ದದ ಫೈಲಿನಲ್ಲಿ ಪುಟ ಕೆಟ್ಟರೆ ಎಂಟರ್ ಒತ್ತಬೇಡಿ

ಪುಟದ ಅರ್ಧ ಖಾಲಿ ಬಿಟ್ಟು ಶೀರ್ಷಿಕೆ ಮುಂದಿನ ಪುಟಕ್ಕೆ ಹಾರಿದೆ. ಎಲ್ಲಿಂದಲೋ ಒಂದು ಬಿಳಿ ಹಾಳೆ ಮಧ್ಯೆ ಬಂದು ಕೂತಿದೆ. ಪುಟಸಂಖ್ಯೆ 42 ಆದಮೇಲೆ ಮತ್ತೆ 1 ಬರುತ್ತಿದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಡಿಟಿಪಿ ಅಂಗಡಿಗೆ ಬರುವ ಪಿಎಚ್‌ಡಿ ಪ್ರಬಂಧ, ದೇವಸ್ಥಾನದ ಬ್ರಹ್ಮಕಲಶದ ಸ್ಮರಣ ಸಂಚಿಕೆ, ಶಾಲೆಯ ವಾರ್ಷಿಕ ಸಂಚಿಕೆ ಎಲ್ಲದರಲ್ಲೂ ಇದೇ ತೊಂದರೆಗಳು. ತಂದವರಲ್ಲಿ ಹೆಚ್ಚಿನವರು ಒಂದೇ ಮದ್ದು ಮಾಡಿರುತ್ತಾರೆ. ಎಂಟರ್ ಒತ್ತಿ ಒತ್ತಿ ಸಾಲನ್ನು ಕೆಳಗೆ ತಳ್ಳಿರುತ್ತಾರೆ. ಆ ಹೊತ್ತಿಗೆ ಪುಟ ಚಂದ ಕಾಣುತ್ತದೆ. ಮಾರನೇ ದಿನ ಗೈಡ್ ಮೊದಲ ಅಧ್ಯಾಯಕ್ಕೆ ಎರಡು ಸಾಲು ಸೇರಿಸಲು ಹೇಳುತ್ತಾರೆ. ಅಲ್ಲಿಂದ ಕೆಳಗಿನದ್ದೆಲ್ಲ ಮತ್ತೆ ಹಾಳು.

ಪುಟ ಕೆಟ್ಟದ್ದು ಕಾಣುವ ಜಾಗ ಬೇರೆ, ಕೆಡಿಸಿದ ಕಾರಣ ಇರುವ ಜಾಗ ಬೇರೆ. ಕಾರಣ ಯಾವುದೋ ಕಾಣದ ಗುರುತಿನಲ್ಲಿ ಅಥವಾ ಪ್ಯಾರಾದ ಅಕ್ಷರ, ಅಂತರಗಳನ್ನು ಒಟ್ಟಿಗೆ ನಿಗದಿ ಮಾಡುವ ಸ್ಟೈಲ್‌ನಲ್ಲಿ ಅಡಗಿರುತ್ತದೆ. ಅದನ್ನು ಹುಡುಕಿ ತೆಗೆದರೆ ಪುಟ ತಾನಾಗಿ ಸರಿಯಾಗುತ್ತದೆ. ಹುಡುಕುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ವರ್ಡ್ ಬಳಸುವವರೇ ಜಾಸ್ತಿ, ಹಾಗಾಗಿ ಮೆನು ಹೆಸರುಗಳು ಅದರದ್ದು. ಬೇಕಾದಲ್ಲಿ ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನದ್ದೂ ಹೇಳುತ್ತೇನೆ.

ಮೊದಲು ಗುರುತುಗಳು ಕಾಣಲಿ

ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿ. ಲಿಬ್ರೆ ಆಫೀಸಿನಲ್ಲಿ ಕಂಟ್ರೋಲ್ ಮತ್ತು ಎಫ್ 10. ಪ್ಯಾರಾ ಮುಗಿದ ಗುರುತು, ಸ್ಪೇಸಿನ ಚುಕ್ಕೆ, ಟ್ಯಾಬಿನ ಬಾಣ, ಪೇಜ್ ಬ್ರೇಕ್ (ಇಲ್ಲಿಂದ ಹೊಸ ಪುಟ), ಸೆಕ್ಷನ್ ಬ್ರೇಕ್ (ಇಲ್ಲಿಂದ ಹೊಸ ಭಾಗ) ಎಲ್ಲ ಕಣ್ಣಿಗೆ ಬೀಳುತ್ತವೆ. ಇವು ಪ್ರಿಂಟಿನಲ್ಲಿ ಬರುವುದಿಲ್ಲ, ಹೆದರಬೇಡಿ. ಪುಟ ಸರಿ ಮಾಡುವಷ್ಟು ಹೊತ್ತೂ ಇವನ್ನು ಆನ್ ಇಟ್ಟೇ ಕೆಲಸ ಮಾಡಿ.

ಎಂಟರ್‌ಗಳ ಸಾಲು ಕಂಡರೆ ಅವನ್ನು ತೆಗೆಯುವುದೇ ಮೊದಲ ಕೆಲಸ. ಕೈಯಲ್ಲಿ ಒಂದೊಂದಾಗಿ ಅಳಿಸಬೇಕಿಲ್ಲ. ಫೈಂಡ್ ಆಂಡ್ ರಿಪ್ಲೇಸ್ ತೆರೆದು, ಸ್ಪೆಷಲ್ ಪಟ್ಟಿಯಿಂದ ಮೇಲಿನ ಖಾನೆಗೆ ಪ್ಯಾರಾಗ್ರಾಫ್ ಮಾರ್ಕ್ ಎರಡು ಸಲ, ಕೆಳಗಿನ ಖಾನೆಗೆ ಒಂದು ಸಲ ಹಾಕಿ. ಎರಡೆರಡು ಎಂಟರ್ ಇದ್ದಲ್ಲೆಲ್ಲ ಒಂದೊಂದೇ ಉಳಿಯುತ್ತದೆ. ಸಾಲಾಗಿ ನಾಲ್ಕೈದು ಇದ್ದರೆ ಇದನ್ನೇ ಮತ್ತೆ ಮತ್ತೆ ಓಡಿಸಿ. ಪ್ಯಾರಾಗಳ ನಡುವೆ ಜಾಗ ಬೇಕಿದ್ದರೆ ಸ್ಟೈಲ್‌ನಲ್ಲಿ ಸ್ಪೇಸಿಂಗ್ ಆಫ್ಟರ್ 6 ಪಾಯಿಂಟ್ ಕೊಡಿ. ಅಧ್ಯಾಯ ಹೊಸ ಪುಟದಲ್ಲಿ ಶುರುವಾಗಬೇಕೆಂದರೆ ಹೆಡಿಂಗ್ 1 ಸ್ಟೈಲ್‌ಗೆ ಪೇಜ್ ಬ್ರೇಕ್ ಬಿಫೋರ್ ಟಿಕ್ ಮಾಡಿ. ಮೇಲೆ ಎಷ್ಟು ಪುಟ ಸೇರಿದರೂ ಅಧ್ಯಾಯ ಹೊಸ ಪುಟದಲ್ಲೇ ನಿಲ್ಲುತ್ತದೆ.

ಅರ್ಧ ಖಾಲಿ ಪುಟ

ಕೆಳಗೆ ಬೇಕಾದಷ್ಟು ಜಾಗ ಇದ್ದರೂ ಬರಹ ಮುಂದಿನ ಪುಟಕ್ಕೆ ಹೋಗುತ್ತಿದೆಯಾ? ಹಾರಿದ ಪ್ಯಾರಾದ ಎಡಗಡೆ ನೋಡಿ. ಗುರುತುಗಳು ಆನ್ ಇದ್ದರೆ ಅಲ್ಲಿ ಒಂದು ಸಣ್ಣ ಕಪ್ಪು ಚೌಕ ಕಾಣಬಹುದು. ಆ ಪ್ಯಾರಾಕ್ಕೆ ಕೀಪ್ ವಿತ್ ನೆಕ್ಸ್ಟ್ (ಮುಂದಿನ ಪ್ಯಾರಾದ ಜೊತೆಗೇ ಇರಲಿ), ಕೀಪ್ ಲೈನ್ಸ್ ಟುಗೆದರ್ (ಸಾಲುಗಳು ಬೇರೆಯಾಗದಿರಲಿ) ಅಥವಾ ಪೇಜ್ ಬ್ರೇಕ್ ಬಿಫೋರ್ ಇದೆ ಅಂತ ಅದರ ಅರ್ಥ. ಶೀರ್ಷಿಕೆಗೆ ಕೀಪ್ ವಿತ್ ನೆಕ್ಸ್ಟ್ ಇರಲೇಬೇಕು, ಇಲ್ಲದಿದ್ದರೆ ಶೀರ್ಷಿಕೆ ಮಾತ್ರ ಪುಟದ ತುದಿಯಲ್ಲಿ ಉಳಿಯುತ್ತದೆ. ಆದರೆ ಅಕ್ಷರ ದಪ್ಪ ಆಗಲಿ ಅಂತ ಮೈಬರಹಕ್ಕೂ ಹೆಡಿಂಗ್ ಸ್ಟೈಲ್ ಹಾಕುವವರಿದ್ದಾರೆ. ಆಗ ಪ್ಯಾರಾಗಳೆಲ್ಲ ರೈಲಿನ ಬೋಗಿಗಳಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಒಟ್ಟಿಗೆ ಮುಂದಿನ ಪುಟಕ್ಕೆ ಹೋಗುತ್ತವೆ. ಅವನ್ನು ಆರಿಸಿ ನಾರ್ಮಲ್ ಸ್ಟೈಲ್‌ಗೆ ತನ್ನಿ. ಕಪ್ಪು ಚೌಕ ಹೋಗುತ್ತದೆ, ಖಾಲಿ ಜಾಗವೂ ತುಂಬುತ್ತದೆ.

ಚೌಕ ಇಲ್ಲದೆಯೂ ಜಾಗ ಖಾಲಿ ಬಿದ್ದಿದ್ದರೆ ಅಡಿಟಿಪ್ಪಣಿ ನೋಡಿ. ಉದ್ದದ ಟಿಪ್ಪಣಿ ಇರುವ ಸಾಲು ಪುಟದ ಕೊನೆಗೆ ಬಂದರೆ ಸಾಲೂ ಟಿಪ್ಪಣಿಯೂ ಒಟ್ಟಿಗೆ ಹಿಡಿಯದೆ ಸಾಲೇ ಮುಂದಕ್ಕೆ ಹೋಗಬಹುದು. ಇದು ತಪ್ಪಲ್ಲ. ಟಿಪ್ಪಣಿಯನ್ನು ಚಿಕ್ಕದು ಮಾಡಬಹುದು, ಇಲ್ಲವೇ ಹಾಗೆಯೇ ಬಿಡಬಹುದು.

ಕನ್ನಡದ ಸಾಲಿಗೆ ಬೇಕಾದ ಎತ್ತರ

ಇದರ ಬಗ್ಗೆ ನನಗೆ ಜಾಸ್ತಿ ಕಾಳಜಿ. ಇಂಗ್ಲಿಷಿನ ನಿಯಮವನ್ನು ಕನ್ನಡಕ್ಕೆ ಸುಮ್ನೆ ಹೇರಿದರೆ ಅಕ್ಷರಕ್ಕೇ ಪೆಟ್ಟು ಬೀಳುತ್ತದೆ. ‘ರಾಷ್ಟ್ರ’, ‘ಸ್ತ್ರೀ’, ‘ಶಾಸ್ತ್ರ’ ಇಂಥ ಪದಗಳಲ್ಲಿ ಒಂದರ ಕೆಳಗೆ ಒಂದು ಒತ್ತು ಬರುತ್ತದೆ. ಸಾಲಿನ ಅಂತರ ಎಕ್ಸಾಕ್ಟ್ಲಿ 14 ಪಾಯಿಂಟ್ ಅಂತ ಇಟ್ಟರೆ ಈ ಒತ್ತುಗಳ ಬುಡ ಕತ್ತರಿಸಿ ಹೋಗಬಹುದು, ಕೆಳಗಿನ ಸಾಲಿನ ಗುಡಿಸಿನ ಮೇಲೆ ಬಂದು ಕೂರಲೂಬಹುದು. ಎಷ್ಟೋ ಜನ ಇದು ಫಾಂಟಿನ ದೋಷ ಅಂದುಕೊಂಡು ಫಾಂಟ್ ಬದಲಿಸುತ್ತಾ ಇರುತ್ತಾರೆ. ಫಾಂಟ್ ಬದಲಿಸಿದಾಗೆಲ್ಲ ಪುಟಗಳು ಇನ್ನಷ್ಟು ಓಡುತ್ತವೆ.

ಹಾಗಂತ ಸಿಂಗಲ್ ಅಂತರ ಇಟ್ಟರೆ ಇನ್ನೊಂದು ತೊಂದರೆ. ಒಂದೊಂದು ಫಾಂಟಿಗೂ ಅದರದ್ದೇ ಸಾಲಿನ ಎತ್ತರ ಇದೆ. ನಿರ್ಮಲಾ ಯುಐ ಬೇರೆ, ತುಂಗಾ ಬೇರೆ, ನೋಟೋ ಸೆರಿಫ್ ಬೇರೆ. ನಮ್ಮ ಕಡೆಯ ಪ್ರಬಂಧಗಳಲ್ಲಿ ಮೂರು ಲಿಪಿ ಬರುವುದು ಮಾಮೂಲಿ. ಸ್ಥಳನಾಮಗಳ ಅಧ್ಯಯನ ಅಂದುಕೊಳ್ಳಿ. ಮುಳ್ಳೇರಿಯ, ನೀರ್ಚಾಲು, ಪೆರ್ಲ ಅಂತ ಕನ್ನಡದಲ್ಲಿ ಬರೆದು, ಪಕ್ಕದಲ್ಲೇ ಮಲಯಾಳದಲ್ಲಿ ಹೇಗೆ ಬರೆಯುತ್ತಾರೆ ಅಂತ ಕೊಡಬೇಕು, ಆಮೇಲೆ ಇಂಗ್ಲಿಷ್. ತುಳು ಮಾತ್ರ ಕನ್ನಡ ಲಿಪಿಯಲ್ಲೇ ಬರುವುದರಿಂದ ಅದಕ್ಕೆ ಬೇರೆ ವ್ಯವಸ್ಥೆ ಬೇಡ. ಮಲಯಾಳ ಅಕ್ಷರ ಇರುವ ಸಾಲು ಮಾತ್ರ ಎತ್ತರವಾಗಿ, ಉಳಿದ ಸಾಲುಗಳು ಒತ್ತಿಕೊಂಡು, ಪುಟ ಅಂಕುಡೊಂಕಾಗಿ ಕಾಣುತ್ತದೆ.

ಇದಕ್ಕೆ ನಾನು ಮಾಡುವುದು ಹೀಗೆ. ಎಕ್ಸಾಕ್ಟ್ಲಿಯನ್ನೇ ಇಡುತ್ತೇನೆ, ಆದರೆ ಧಾರಾಳವಾಗಿ. 12 ಪಾಯಿಂಟಿನ ಅಕ್ಷರಕ್ಕೆ 20ರಿಂದ ಶುರು ಮಾಡಿ. ಮೇಲೆ ಹೇಳಿದ ಒತ್ತಿನ ಪದಗಳು, ದೀರ್ಘ ಇರುವ ಪದಗಳು, ನಾಲ್ಕು ಮಲಯಾಳ ಪದ ಎಲ್ಲ ಸೇರಿಸಿ ಒಂದು ಪ್ಯಾರಾ ಟೈಪ್ ಮಾಡಿ ಪ್ರಿಂಟ್ ತೆಗೆಯಿರಿ. ಪರದೆಯ ಮೇಲೆ ನೋಡಿ ತೀರ್ಮಾನ ಮಾಡಬೇಡಿ, ಕಾಗದದಲ್ಲೇ ನೋಡಿ. ಒತ್ತು ತಾಗುತ್ತಿದ್ದರೆ 21, 22 ಮಾಡಿ. ಆ ಅಂಕಿಯನ್ನು ನಾರ್ಮಲ್ ಸ್ಟೈಲ್‌ಗೆ ಹಾಕಿದ ಮೇಲೆ ಮತ್ತೆ ಮುಟ್ಟಬೇಡಿ. ಯಾವ ಲಿಪಿ ಬಂದರೂ ಸಾಲುಗಳ ನಡುವಿನ ದೂರ ಒಂದೇ ಇರುತ್ತದೆ. ವಿಶ್ವವಿದ್ಯಾಲಯದ ನಿಯಮದಲ್ಲಿ ಒಂದೂವರೆ ಅಂತರ ಅಂತ ಇದ್ದರೆ ಗೈಡ್ ಹತ್ತಿರ ಒಂದು ಮಾದರಿ ಪುಟ ತೋರಿಸಿ ಮೊದಲೇ ಒಪ್ಪಿಗೆ ತೆಗೆದುಕೊಳ್ಳಿ.

ಫಾಂಟಿನ ವಿಷಯದಲ್ಲಿ ಇನ್ನೊಂದು ಗುಟ್ಟಿದೆ. ಕನ್ನಡ, ಮಲಯಾಳದಂಥ ಲಿಪಿಗಳಿಗೆ ಸ್ಟೈಲ್‌ನಲ್ಲಿ ಬೇರೆಯೇ ಖಾನೆ ಇರುತ್ತದೆ. ವರ್ಡ್‌ನಲ್ಲಿ ಅದು ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್. ಆಫೀಸಿನ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿದ್ದರೆ ಫಾಂಟ್ ಕಿಟಕಿಯಲ್ಲಿ ಕಾಣುತ್ತದೆ. ಲಿಬ್ರೆ ಆಫೀಸಿನಲ್ಲಿ ಅದಕ್ಕೆ ಸಿಟಿಎಲ್ ಫಾಂಟ್ ಅನ್ನುತ್ತಾರೆ. ಸ್ಟೈಲ್‌ನಲ್ಲಿ ಅಳತೆ 14 ಮಾಡಿದರೂ ಕನ್ನಡ ಮಾತ್ರ 12ರಲ್ಲೇ ನಿಂತಿದ್ದರೆ ಕಾರಣ ಇದೇ. ಇಂಗ್ಲಿಷಿನ ಖಾನೆ ಬದಲಾಗಿದೆ, ಕನ್ನಡದ್ದು ಬದಲಾಗಿಲ್ಲ. ಎರಡೂ ಕಡೆ ಫಾಂಟ್ ಮತ್ತು ಅಳತೆ ತುಂಬಿ.

ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ ಲೇಖನ ಬಂದರೆ ಅದನ್ನು ಮೊದಲು ಯೂನಿಕೋಡಿಗೆ ಬದಲಿಸಿ, ಆಮೇಲೆಯೇ ಫೈಲಿಗೆ ಸೇರಿಸಿ. ಸ್ಮರಣ ಸಂಚಿಕೆಗಳಲ್ಲಿ ಇದು ಯಾವಾಗಲೂ ಬರುವ ಸಮಸ್ಯೆ. ಒಬ್ಬರು ಹಳೇ ನುಡಿಯಲ್ಲಿ ಕಳಿಸುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿ ಟೈಪ್ ಮಾಡಿ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಆಸ್ಕಿ ಬರಹ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಆಕಾರ ಕೊಟ್ಟದ್ದು ಅಷ್ಟೇ. ಸ್ಟೈಲ್ ಹಾಕಿದ ಕೂಡಲೇ ಅದು ಅರ್ಥವಿಲ್ಲದ ಗುರುತುಗಳಾಗಿ ಬಿಡುತ್ತದೆ. ನುಡಿಯಲ್ಲೂ ಬರಹದಲ್ಲೂ ಪರಿವರ್ತಕ ಇದೆ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ.

ಶಾಲೆಯಲ್ಲಿ ಸರಿ ಇತ್ತು, ಇಲ್ಲಿ ಹಾಳಾಯಿತು

“ಅಲ್ಲ ಅಕ್ಕ, ಶಾಲೆಯ ಲ್ಯಾಪ್‌ಟಾಪಿನಲ್ಲಿ 60 ಪುಟ ಇತ್ತು, ಇಲ್ಲಿ 67 ಹೇಗಾಯಿತು?” ಅಂತ ಮಾಷ್ಟ್ರುಗಳು ಕೇಳುತ್ತಾರೆ. ಕೇರಳದ ಶಾಲೆಗಳಲ್ಲಿ ವಿಂಡೋಸ್ ಬದಲು ಕೈಟ್ ಎಂಬ ಸರಕಾರಿ ಸಂಸ್ಥೆಯ ಲಿನಕ್ಸ್ ಇರುತ್ತದೆ, ಬರೆಯಲು ಲಿಬ್ರೆ ಆಫೀಸ್ ರೈಟರ್. ಒಳ್ಳೆಯ ವ್ಯವಸ್ಥೆ ಅದು. ಆದರೆ ಲಿನಕ್ಸಿನಲ್ಲಿ ಸಿಗುವ ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಹೆಚ್ಚಿನ ವಿಂಡೋಸ್ ಕಂಪ್ಯೂಟರುಗಳಲ್ಲಿ ಇರುವುದಿಲ್ಲ. ಅಲ್ಲಿ ಅದರ ಬದಲು ಬೇರೆ ಫಾಂಟ್ ಬಂದು ಕೂರುತ್ತದೆ. ಅಕ್ಷರದ ಅಗಲ, ಸಾಲಿನ ಎತ್ತರ ಎರಡೂ ಬದಲಾಗುತ್ತವೆ, ಪುಟ ಹೆಚ್ಚುತ್ತದೆ.

ಹಾಗಾಗಿ ಎರಡು ಕಡೆಯೂ ಒಂದೇ ಫಾಂಟ್ ಹಾಕಿಕೊಳ್ಳಿ. ನೋಟೋ ಕನ್ನಡ ಫಾಂಟುಗಳು ಉಚಿತವಾಗಿ ಸಿಗುತ್ತವೆ, ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ನಡೆಯುತ್ತವೆ. ಫಾಂಟನ್ನು ಫೈಲಿನೊಳಗೇ ಸೇರಿಸಲೂಬಹುದು. ವರ್ಡ್‌ನಲ್ಲಿ ಆಪ್ಶನ್ಸ್, ಸೇವ್, ಎಂಬೆಡ್ ಫಾಂಟ್ಸ್. ರೈಟರಿನಲ್ಲಿ ಫೈಲ್, ಪ್ರಾಪರ್ಟೀಸ್, ಫಾಂಟ್. ಪುಟ ಜೋಡಿಸುವ ಕೊನೆಯ ಹಂತವನ್ನು ಮಾತ್ರ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಸಾಫ್ಟ್‌ವೇರಿನಲ್ಲಿ ಮುಗಿಸಿ. ನಡುವೆ ಮೊಬೈಲಿನಲ್ಲಿ ತೆರೆದು ತಿದ್ದಿ ಸೇವ್ ಮಾಡುವುದು ಬೇಡವೇ ಬೇಡ.

ಕಾಗದದ ಅಳತೆಯನ್ನೂ ನೋಡಿ. ಎ4 ಅಂದರೆ 210 × 297 ಮಿ.ಮೀ. ಲೆಟರ್ ಅಳತೆ ಇದಕ್ಕಿಂತ ಸುಮಾರು 18 ಮಿ.ಮೀ. ಗಿಡ್ಡ. ಬೇರೆ ಬೇರೆ ಕಡೆಯಿಂದ ಬಂದ ಅಧ್ಯಾಯಗಳನ್ನು ಸೇರಿಸಿದ ಫೈಲಿನಲ್ಲಿ ಒಂದು ಅಧ್ಯಾಯ ಮಾತ್ರ ಲೆಟರ್ ಆಗಿರುವುದು ಉಂಟು.

ಪುಟಸಂಖ್ಯೆ, ಸೆಕ್ಷನ್, ಅಡ್ಡ ಪುಟ

ಮುನ್ನುಡಿ, ಪರಿವಿಡಿಗೆ ರೋಮನ್ ಸಂಖ್ಯೆ, ಮೊದಲ ಅಧ್ಯಾಯದಿಂದ 1 ಎಂದು ಬೇಕಾದರೆ ನಡುವೆ ಸೆಕ್ಷನ್ ಬ್ರೇಕ್ ಬೇಕು. ಬರಿಯ ಪೇಜ್ ಬ್ರೇಕ್ ಸಾಲದು. ಲೇಔಟ್, ಬ್ರೇಕ್ಸ್, ನೆಕ್ಸ್ಟ್ ಪೇಜ್. ಆಮೇಲೆ ಮೊದಲ ಅಧ್ಯಾಯದ ಅಡಿಬರಹಕ್ಕೆ ಹೋಗಿ ಲಿಂಕ್ ಟು ಪ್ರೀವಿಯಸ್ ತೆಗೆಯಿರಿ. ಸಂಖ್ಯೆ ಬದಲಿಸುವುದು ಅದರ ನಂತರವೇ. ಕ್ರಮ ಹಿಂದುಮುಂದಾದರೆ ಅಡಿಬರಹದಲ್ಲಿ ಮಾಡಿದ ಬದಲಾವಣೆ ಮುನ್ನುಡಿಗೂ ಹೋಗುತ್ತದೆ. ಮೇಲ್ಬರಹಕ್ಕೂ ಅಡಿಬರಹಕ್ಕೂ ಲಿಂಕ್ ಬೇರೆ ಬೇರೆ. ಸಮ, ಬೆಸ ಪುಟಕ್ಕೆ ಬೇರೆ ಬೇರೆ ಮೇಲ್ಬರಹ ಇದ್ದರೆ ಅವುಗಳಲ್ಲೂ ಒಂದೊಂದಾಗಿ ತೆಗೆಯಬೇಕು. 42 ಆದಮೇಲೆ 1 ಬಂದಿದ್ದರೆ ಆ ಸೆಕ್ಷನ್‌ನ ಪೇಜ್ ನಂಬರ್ ಫಾರ್ಮ್ಯಾಟಿನಲ್ಲಿ ಸ್ಟಾರ್ಟ್ ಅಟ್ ಇರುತ್ತದೆ, ಅದನ್ನು ಕಂಟಿನ್ಯೂ ಮಾಡಿದರೆ ಆಯಿತು.

ಸೆಕ್ಷನ್ ಬ್ರೇಕ್ ತನ್ನ ಮೇಲಿನ ಭಾಗದ ಅಂಚು, ಅಳತೆ, ಅಡ್ಡ-ಉದ್ದ ಎಲ್ಲವನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಅಳಿಸಿದರೆ ಮೇಲಿನ ಭಾಗಕ್ಕೆ ಕೆಳಗಿನ ಭಾಗದ ವ್ಯವಸ್ಥೆ ಬರುತ್ತದೆ. ದೊಡ್ಡ ಕೋಷ್ಟಕಕ್ಕಾಗಿ ಒಂದು ಪುಟ ಅಡ್ಡ ಮಾಡಿ, ಆಮೇಲೆ ಅದರ ಮೇಲಿನ ಬ್ರೇಕ್ ಅಳಿಸಿದರೆ ಹಿಂದಿನ ಇಡೀ ಅಧ್ಯಾಯ ಅಡ್ಡ ಬೀಳುವುದು ಇದೇ ಕಾರಣಕ್ಕೆ. ಕೂಡಲೇ ಅನ್‌ಡೂ ಮಾಡಿ.

ಪರದೆಯಲ್ಲಿ 7ನೇ ಪುಟದ ನಂತರ 9 ಬರುತ್ತದೆ, ಪ್ರಿಂಟಿನಲ್ಲಿ ನಡುವೆ ಬಿಳಿ ಹಾಳೆ ಬರುತ್ತದೆ. ಅಲ್ಲಿ ಆಡ್ ಪೇಜ್ (ಬೆಸ ಪುಟ) ಸೆಕ್ಷನ್ ಬ್ರೇಕ್ ಇರುತ್ತದೆ. ಪುಸ್ತಕದಲ್ಲಿ ಅಧ್ಯಾಯ ಬಲಗಡೆ ಪುಟದಲ್ಲೇ ಶುರುವಾಗಬೇಕಾದರೆ ಅದು ಬೇಕಾದದ್ದೇ. ಬೇಡದಿದ್ದರೆ ನೆಕ್ಸ್ಟ್ ಪೇಜ್‌ಗೆ ಬದಲಿಸಿ. ಫೈಲಿನ ಕೊನೆಯಲ್ಲಿ ಕೋಷ್ಟಕ ಇದ್ದು ಅದರ ನಂತರ ಬಿಳಿ ಪುಟ ಬಂದಿದ್ದರೆ ಕಥೆ ಬೇರೆ. ಕೋಷ್ಟಕದ ಕೆಳಗೆ ಒಂದು ಪ್ಯಾರಾ ಗುರುತು ಇರಲೇಬೇಕು, ಅಳಿಸಲು ಬರುವುದಿಲ್ಲ. ಅದರ ಅಕ್ಷರದ ಅಳತೆ 1 ಪಾಯಿಂಟ್, ಸಾಲಿನ ಅಂತರ ಎಕ್ಸಾಕ್ಟ್ಲಿ 1 ಮಾಡಿ, ಸ್ಪೇಸಿಂಗ್ ಆಫ್ಟರ್ ಸೊನ್ನೆ ಮಾಡಿ.

ಚಿತ್ರ, ಕೋಷ್ಟಕ

ಚಿತ್ರದ ಒಂದು ತೆಳು ಪಟ್ಟಿ ಮಾತ್ರ ಕಾಣುತ್ತಿದ್ದರೆ ಆ ಸಾಲಿಗೆ ಎಕ್ಸಾಕ್ಟ್ಲಿ ಅಂತರ ಇದೆ. ನಾನು ಮೈಬರಹಕ್ಕೆ ಹೇಳಿದ ಕ್ರಮವನ್ನು ಅನುಸರಿಸಿದವರಿಗೆ ಇದು ಬಂದೇ ಬರುತ್ತದೆ. ಚಿತ್ರಗಳಿಗೆಂದೇ ಸಿಂಗಲ್ ಅಂತರದ ಒಂದು ಬೇರೆ ಸ್ಟೈಲ್ ಮಾಡಿಟ್ಟುಕೊಳ್ಳಿ. ಅದಕ್ಕೆ ಕೀಪ್ ವಿತ್ ನೆಕ್ಸ್ಟ್ ಕೊಡಿ, ಆಗ ಚಿತ್ರ ಒಂದು ಪುಟ, ಅದರ ಅಡಿಯ ಬರಹ ಇನ್ನೊಂದು ಪುಟ ಆಗುವುದಿಲ್ಲ. ಪ್ರಬಂಧದಲ್ಲಿ ಎಲ್ಲ ಚಿತ್ರಗಳನ್ನೂ ಇನ್ ಲೈನ್ ವಿತ್ ಟೆಕ್ಸ್ಟ್ ಇಡಿ. ತೇಲುವ ಚಿತ್ರ ತನ್ನ ಆಂಕರ್ (ಲಂಗರು) ಇರುವ ಪ್ಯಾರಾದ ಜೊತೆ ಓಡಾಡುತ್ತದೆ, ಆ ಪ್ಯಾರಾ ಅಳಿಸಿದರೆ ಚಿತ್ರವೂ ಹೋಗುತ್ತದೆ.

ಕೋಷ್ಟಕದ ತಲೆಸಾಲು ಪ್ರತಿ ಪುಟದಲ್ಲೂ ಬರಲು ರಿಪೀಟ್ ಹೆಡರ್ ರೋಸ್ ಆನ್ ಮಾಡಿ. ಆನ್ ಇದ್ದರೂ ಬರದಿದ್ದರೆ ಕೋಷ್ಟಕದ ಟೆಕ್ಸ್ಟ್ ರಾಪಿಂಗ್ ನೋಡಿ, ಅದು ‘ನನ್’ (None) ಇರಬೇಕು. ಒಳಗೆ ಯಾರಾದರೂ ಕೈಯಲ್ಲಿ ಪೇಜ್ ಬ್ರೇಕ್ ಹಾಕಿದ್ದಾರಾ ನೋಡಿ.

ಜಸ್ಟಿಫೈ ಮಾಡಿದ ಸಾಲಿನಲ್ಲಿ ಪದಗಳು ದೂರ ದೂರ ಹೋದರೆ ಸಾಲಿನ ಕೊನೆ ನೋಡಿ. ಅಲ್ಲಿ ಎಂಟರ್ ಬದಲು ಶಿಫ್ಟ್ ಎಂಟರ್ ಇರಬಹುದು. ಅದಿಲ್ಲದಿದ್ದರೆ ಕನ್ನಡದ ಉದ್ದ ಪದಗಳೇ ಕಾರಣ. ಕಿರಿದಾದ ಕಾಲಮ್ಮುಗಳಲ್ಲಿ ನಾನು ಎಡಕ್ಕೆ ಮಾತ್ರ ಜೋಡಿಸುತ್ತೇನೆ, ಓದಲು ಅದೇ ಸುಖ.

ಏನು ಮಾಡಿದರೂ ಸರಿಯಾಗದ ಫೈಲು

ಒಂದೊಂದು ಫೈಲು ಮಾತೇ ಕೇಳುವುದಿಲ್ಲ. ಆಗ ಕೊನೆಯ ಪ್ಯಾರಾ ಗುರುತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಆರಿಸಿ ಹೊಸ ಫೈಲಿಗೆ ಅಂಟಿಸಿ. ಕೊನೆಯ ಗುರುತಿನಲ್ಲಿ ಕೊನೆಯ ಸೆಕ್ಷನ್‌ನ ವ್ಯವಸ್ಥೆ ಇರುತ್ತದೆ, ಎಷ್ಟೋ ಸಲ ಕೆಟ್ಟಿರುವುದು ಅಲ್ಲೇ. ಹಳೆಯ ಫೈಲನ್ನು ಅಳಿಸಬೇಡಿ.

ಪುಟ ಸರಿ ಮಾಡುವುದನ್ನು ಯಾವಾಗಲೂ ಮೊದಲ ಪುಟದಿಂದ ಕೆಳಗೆ ಮಾಡಿ. ಮೇಲೆ ಒಂದು ಸಾಲು ಸರಿಸಿದರೆ ಕೆಳಗಿನದ್ದು ಬದಲಾಗುತ್ತದೆ ಅಲ್ವಾ? ತಿದ್ದುಪಡಿ ಪೂರ್ತಿ ಮುಗಿಯುವ ಮೊದಲು ಈ ಕೆಲಸಕ್ಕೆ ಕೈ ಹಾಕಬೇಡಿ. ಎಲ್ಲ ಆದಮೇಲೆ ಕಂಟ್ರೋಲ್ ಎ, ಎಫ್ 9 ಒತ್ತಿ, ಅಪ್‌ಡೇಟ್ ಎಂಟೈರ್ ಟೇಬಲ್ ಆರಿಸಿ. ಪರಿವಿಡಿಯ ಪುಟಸಂಖ್ಯೆ ಆಗ ಸರಿ ಹೊಂದುತ್ತದೆ. ನಂತರ ಪಿಡಿಎಫ್ ಮಾಡಿ, ಒಂದೊಂದು ಪುಟವನ್ನೂ ಕಣ್ಣು ಹಾಯಿಸಿ ನೋಡಿ. ಅಂಗಡಿಯಲ್ಲಿ ಪ್ರಿಂಟಿಗೆ ಕೊಡುವಾಗ ವರ್ಡ್ ಫೈಲ್ ಕೊಡದೆ ಪಿಡಿಎಫ್ ಕೊಡಿ, ‘ಆಕ್ಚುವಲ್ ಸೈಜ್’ನಲ್ಲೇ ತೆಗೆಯಲು ಹೇಳಿ. ‘ಫಿಟ್’ ಇದ್ದರೆ ಪುಟ ಸ್ವಲ್ಪ ಕುಗ್ಗುತ್ತದೆ, ಬೈಂಡಿಂಗಿಗೆ ಬಿಟ್ಟ ಅಂಚಿನ ಲೆಕ್ಕ ತಪ್ಪುತ್ತದೆ.