ಪೊಲೀಸ್ ಮೇಲಿನ ಕೇಸು ನೋಡುವ ಮೊದಲು ನಿಮ್ಮ ಟಪಾಲು ಡಬ್ಬಿ ನೋಡಿ

ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಯಾರಾದರೂ ಸತ್ತು, ಆ ಪೊಲೀಸ್ ಮೇಲೆ ಕೇಸು ನಡೆದಾಗಲೆಲ್ಲ ಹೊಸದಾಗಿ ಬಂದ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅವೇ ಪ್ರಶ್ನೆಗಳು ಬರುತ್ತವೆ. ಜಡ್ಜ್ ಯಾಕೆ ತೀರ್ಪು ಕೊಡಲಿಲ್ಲ? ಬೇಕಂತಲೇ ಕೊಲ್ಲದಿದ್ದರೂ ಜೈಲಾ? ಖುಲಾಸೆ ಆದರೆ ಸರ್ಕಾರ ಯಾಕೆ ಮೇಲಿನ ಕೋರ್ಟಿಗೆ ಹೋಗಲ್ಲ? ಇವಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿಡುತ್ತಿದ್ದೇನೆ. ಉದಾಹರಣೆಗೆ ನಾನಿರುವ ಮಿನ್ನೆಸೋಟಾದ್ದೇ ಕೇಸು, ಕಿಮ್ ಪಾಟರ್ ಎಂಬ ಮಹಿಳಾ ಪೊಲೀಸ್ ಅಧಿಕಾರಿಯ ಕೇಸು. ಅದನ್ನೇ ಆರಿಸಲು ಒಂದು ಕಾರಣವಿದೆ. ಅದು ಶುರುವಾದ ರೀತಿಯಲ್ಲಿ ನಮ್ಮ ಹುಡುಗರು ಪದೇ ಪದೇ ಸಿಕ್ಕಿಬೀಳುವ ಒಂದು ವಿಷಯ ಇದೆ. ಅದನ್ನು ಕೊನೆಯಲ್ಲಿ ಬಿಡಿಸಿ ಹೇಳುತ್ತೇನೆ. ಪೊಲೀಸ್ ನಿಲ್ಲಿಸಿದರೆ ಕೈ ಸ್ಟೀರಿಂಗ್ ಮೇಲೆ ಇಡಿ, ಕಾರಿಂದ ಇಳಿಯಬೇಡಿ ಎಂಬುದೆಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಬಿಟ್ಟಿದ್ದೇನೆ.

ನಡೆದದ್ದು ಇಷ್ಟು. 2021ರ ಏಪ್ರಿಲ್ 11, ಭಾನುವಾರ, ಯುಗಾದಿಗೆ ಎರಡು ದಿನ ಮೊದಲು. ಮಿನಿಯಾಪೊಲಿಸ್ ಪಕ್ಕದ ಬ್ರೂಕ್ಲಿನ್ ಸೆಂಟರ್‌ನಲ್ಲಿ 20 ವರ್ಷದ ಡಾಂಟೆ ರೈಟ್ ಎಂಬ ಕಪ್ಪು ಯುವಕನ ಕಾರನ್ನು ಪೊಲೀಸರು ನಿಲ್ಲಿಸಿದರು. ನಂಬರ್ ಪ್ಲೇಟಿನ ರಿಜಿಸ್ಟ್ರೇಷನ್ ಸ್ಟಿಕ್ಕರ್ ಅವಧಿ ಮುಗಿದಿತ್ತು, ಕನ್ನಡಿಗೆ ಏರ್ ಫ್ರೆಶ್‌ನರ್ ನೇತುಹಾಕಿದ್ದರು. ಹೆಸರು ಹಾಕಿ ಕಂಪ್ಯೂಟರ್ ನೋಡಿದಾಗ ಒಂದು ವಾರಂಟ್ ಕಾಣಿಸಿತು. ಬೇಡಿ ಹಾಕಲು ಹೋದಾಗ ಆತ ಕೊಸರಿಕೊಂಡು ಕಾರಿನೊಳಗೆ ಕೂತ. 26 ವರ್ಷ ಸರ್ವಿಸ್ ಆಗಿದ್ದ ಪಾಟರ್ 'ಟೇಸರ್, ಟೇಸರ್' ಎಂದು ಕೂಗುತ್ತಾ ಗುಂಡು ಹಾರಿಸಿದರು. ಟೇಸರ್ ಅಂದರೆ ಕರೆಂಟ್ ಶಾಕ್ ಕೊಟ್ಟು ಆಸಾಮಿಯನ್ನು ತಡೆಯುವ ಸಾಧನ. ಅವರ ಕೈಯಲ್ಲಿದ್ದದ್ದು ಟೇಸರ್ ಅಲ್ಲ, ಪಿಸ್ತೂಲು. ಒಂದೇ ಗುಂಡು. ಹುಡುಗ ಸತ್ತ. ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಸಾವಿನ ಕೇಸಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಡೆರೆಕ್ ಶಾವಿನ್ ವಿಚಾರಣೆ ಆಗ ಮಿನಿಯಾಪೊಲಿಸ್‌ನಲ್ಲಿ ನಡೆಯುತ್ತಲೇ ಇತ್ತು. ಮರುದಿನ ಸಂಜೆ 7ರಿಂದ ಇಲ್ಲಿ ಕರ್ಫ್ಯೂ ಹಾಕಿದರು.

ಮೂರೇ ದಿನಕ್ಕೆ, ಏಪ್ರಿಲ್ 14ಕ್ಕೆ, ಪಾಟರ್ ಮೇಲೆ ಕೇಸು ದಾಖಲಾಯಿತು. ತನಿಖೆ ಮಾಡಿದ್ದು ಅವರದೇ ಠಾಣೆಯಲ್ಲ, ರಾಜ್ಯದ ತನಿಖಾ ಸಂಸ್ಥೆ. ಆರೋಪ ಹೊರಿಸಿದ್ದೂ ಬೇರೆ ಕೌಂಟಿಯ (ಜಿಲ್ಲೆಯಂಥದ್ದು), ಅಂದರೆ ವಾಷಿಂಗ್ಟನ್ ಕೌಂಟಿಯ ಪ್ರಾಸಿಕ್ಯೂಟರ್ (ಕೇಸು ನಡೆಸುವ ಸರ್ಕಾರಿ ವಕೀಲ). ಸ್ಥಳೀಯ ಪ್ರಾಸಿಕ್ಯೂಟರ್ ದಿನಾ ಕೆಲಸ ಮಾಡುವುದು ಅಲ್ಲಿನ ಪೊಲೀಸರ ಜೊತೆಯಲ್ಲೇ ಅಲ್ವಾ, ಅದಕ್ಕೆ. ಆಮೇಲೆ ರಾಜ್ಯದ ಅಟಾರ್ನಿ ಜನರಲ್ ಕೀತ್ ಎಲಿಸನ್ ಕೇಸನ್ನು ಕೈಗೆತ್ತಿಕೊಂಡು ಇನ್ನೂ ದೊಡ್ಡ ಆರೋಪ ಸೇರಿಸಿದರು.

ನಮ್ಮಲ್ಲೂ ಒಳ್ಳೆಯ ನಿಯಮಗಳಿವೆ. ಎನ್‌ಕೌಂಟರ್ ಸಾವುಗಳ ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯವರು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಆದರೆ ಕರ್ತವ್ಯದ ಮೇಲಿದ್ದಾಗ ಮಾಡಿದ ಕೆಲಸ ಎಂದರೆ ಕೇಸು ನಡೆಸಲು ಸರ್ಕಾರದ ಮಂಜೂರಾತಿ ಬೇಕು ಎಂಬ ತಕರಾರು ಬರುತ್ತದೆ, ಅಲ್ಲೇ ಎಷ್ಟೋ ಕೇಸು ನಿಂತುಬಿಡುತ್ತವೆ. ಇಲ್ಲಿ ಆ ಮಂಜೂರಾತಿ ಇಲ್ಲ. ಪ್ರಾಸಿಕ್ಯೂಟರ್ ಮನಸ್ಸು ಮಾಡಿದರೆ ಸಾಕು. ಹಾಗೆ ಮನಸ್ಸು ಮಾಡುವುದು ಅಪರೂಪ, ಅದು ಇಲ್ಲಿನ ದೊಡ್ಡ ಕೊರತೆ. ಆದರೆ ಒಮ್ಮೆ ಶುರುವಾದರೆ ವೇಗ ನೋಡಿ: ಏಪ್ರಿಲ್‌ನಲ್ಲಿ ಸಾವು, ಡಿಸೆಂಬರ್ 23ಕ್ಕೆ ತೀರ್ಪು. ದೆಹಲಿಯ ಕನಾಟ್ ಪ್ಲೇಸ್‌ನಲ್ಲಿ 1997ರಲ್ಲಿ ಪೊಲೀಸರು ಬೇರೆ ಯಾರೋ ಎಂದುಕೊಂಡು ಇಬ್ಬರು ವ್ಯಾಪಾರಿಗಳನ್ನು ಗುಂಡಿಟ್ಟು ಕೊಂದರು. ಶಿಕ್ಷೆಯಾಗಿದ್ದು 2007ರಲ್ಲಿ. ಹತ್ತು ವರ್ಷ ಆ ಮನೆಯವರು ಕೋರ್ಟಿಗೆ ಅಲೆದರು. ಈ ಒಂದು ವಿಷಯದಲ್ಲಿ ಇಲ್ಲಿನ ಪದ್ಧತಿಯೇ ಮೇಲು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಇಲ್ಲಿ ಒಮ್ಮೆ ಸಾಕ್ಷಿ ಶುರುವಾದರೆ ದಿನಾ ನಡೆಯುತ್ತದೆ, ಮುಗಿಯುವವರೆಗೆ.

ಜಡ್ಜ್ ರೆಜೀನಾ ಚು ಕೋರ್ಟ್ ನಡೆಸಿದರು, ಆದರೆ ತಪ್ಪಿತಸ್ಥೆ ಹೌದೋ ಅಲ್ಲವೋ ಎಂದು ಹೇಳಿದ್ದು 12 ಜನರ ಜ್ಯೂರಿ, ಅಂದರೆ ಆರಿಸಿ ಕೂರಿಸಿದ ಸಾಮಾನ್ಯ ನಾಗರಿಕರು. ಹನ್ನೆರಡೂ ಜನ ಒಪ್ಪಬೇಕು. ಒಬ್ಬರು ಒಪ್ಪದಿದ್ದರೂ ತೀರ್ಪಿಲ್ಲ. ಕೊಲ್ಲುವ ಉದ್ದೇಶ ಇತ್ತು ಎಂದು ಯಾರೂ ವಾದಿಸಲಿಲ್ಲ. ಬಂದೂಕನ್ನು ಹಿಡಿದ ರೀತಿಯಲ್ಲಿ ಬೇಜವಾಬ್ದಾರಿ ಇತ್ತೇ ಎಂಬುದಷ್ಟೇ ಪ್ರಶ್ನೆ. ಪಿಸ್ತೂಲು ಬಲಗಡೆ, ಟೇಸರ್ ಎಡಗಡೆ. ಬಣ್ಣ ಬೇರೆ, ತೂಕ ಬೇರೆ. ಇದು ಸುಮ್ನೆ ಆದ ತಪ್ಪು, ಮೇಲಾಗಿ ಇನ್ನೊಬ್ಬ ಅಧಿಕಾರಿ ಕಾರಿನೊಳಗೆ ಬಾಗಿದ್ದರಿಂದ ಗುಂಡು ಹಾರಿಸಿದ್ದರೂ ಸರಿಯೇ ಎಂದು ಅವರ ವಕೀಲರು ವಾದಿಸಿದರು. ಪಾಟರ್ ತಾವೇ ಸಾಕ್ಷಿ ಹೇಳಿ ಅತ್ತರು. ಜ್ಯೂರಿಯವರು ಚರ್ಚೆಗೆ ಕೂತಾಗ, ಪಿಸ್ತೂಲನ್ನು ಪೆಟ್ಟಿಗೆಗೆ ಕಟ್ಟಿದ್ದ ಪಟ್ಟಿ ಬಿಚ್ಚಿಕೊಡಿ, ಕೈಯಲ್ಲಿ ಹಿಡಿದು ನೋಡಬೇಕು ಎಂದು ಕೇಳಿದರು. ಜಡ್ಜ್ ಒಪ್ಪಿದರು. ನಾಲ್ಕನೇ ದಿನ ಎರಡೂ ಆರೋಪಗಳಲ್ಲಿ ತಪ್ಪಿತಸ್ಥೆ ಎಂದರು.

ಯಾಕೆ ಎಂದು ಮಾತ್ರ ಅವರು ಬರೆದುಕೊಡಬೇಕಿಲ್ಲ. ನನಗೆ ಇದು ಇವತ್ತಿಗೂ ಹಿಡಿಸದ ವಿಷಯ. ನಮ್ಮ ಜಡ್ಜ್‌ಗಳು ಕಾರಣ ಬರೆಯುತ್ತಾರೆ, ಸೋತವನೂ ಓದಿ ನೋಡಬಹುದು. ಇಲ್ಲಿ ಗೆದ್ದವರಿಗೂ ಸೋತವರಿಗೂ ಸಿಗುವುದು ಒಂದೆರಡು ಪದ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಖುಲಾಸೆಯಾದರೆ ಸರ್ಕಾರ ಮೇಲ್ಮನವಿ ಹೋಗಬಹುದು. ಇಲ್ಲಿ ಜ್ಯೂರಿ ಖುಲಾಸೆ ಮಾಡಿದರೆ ಆ ಆರೋಪ ಅಲ್ಲಿಗೆ ಮುಗಿಯಿತು. ಇದೇ ಮಿನ್ನೆಸೋಟಾದಲ್ಲಿ 2016ರಲ್ಲಿ ಫಿಲಾಂಡೋ ಕ್ಯಾಸ್ಟೀಲ್ ಎಂಬುವರು ತಮ್ಮ ಬಳಿ ಬಂದೂಕಿದೆ ಎಂದು ತಾವಾಗಿಯೇ ಪೊಲೀಸರಿಗೆ ತಿಳಿಸಿದ ಮೇಲೂ ಗುಂಡಿಗೆ ಬಲಿಯಾದರು. ಅದಕ್ಕೆ ಪರವಾನಗಿಯೂ ಇತ್ತು. 2017ರಲ್ಲಿ ಜ್ಯೂರಿ ಆ ಅಧಿಕಾರಿಯನ್ನು ಬಿಟ್ಟಿತು. ರಾಜ್ಯ ಸರ್ಕಾರಕ್ಕೆ ಮುಂದೆ ದಾರಿಯೇ ಇರಲಿಲ್ಲ.

ಶಿಕ್ಷೆ ಹೇಳುವುದು ಜಡ್ಜ್. ಯಾವ ಅಪರಾಧಕ್ಕೆ ಎಷ್ಟು ಶಿಕ್ಷೆ ಎಂದು ಹೇಳುವ ಇಲ್ಲಿನ ಕೋಷ್ಟಕದ ಪ್ರಕಾರ ಪಾಟರ್‌ಗೆ ಸುಮಾರು ಏಳು ವರ್ಷ ಆಗಬೇಕಿತ್ತು. 2022ರ ಫೆಬ್ರವರಿಯಲ್ಲಿ ಜಡ್ಜ್ ಕೊಟ್ಟಿದ್ದು ಎರಡು ವರ್ಷ, ಅದರಲ್ಲಿ 16 ತಿಂಗಳು ಜೈಲು. ಹುಡುಗನ ತಂದೆತಾಯಿಗೆ ಇದು ಸಹಿಸಲಾಗದ ನೋವು ಕೊಟ್ಟಿತು. ನನಗೂ ಬಹಳ ಕಮ್ಮಿ ಅನ್ನಿಸಿತು. ಆ ಊರಿನ ನಗರಾಡಳಿತ ಬೇರೆಯಾಗಿ ಕುಟುಂಬಕ್ಕೆ 32.5 ಲಕ್ಷ ಡಾಲರ್ ಪರಿಹಾರ ಒಪ್ಪಿಕೊಂಡಿತು.

ಈಗ ಆ ವಾರಂಟ್ ವಿಷಯ. ಡಾಂಟೆ ರೈಟ್ ಒಂದು ಹಳೆಯ ಬಂದೂಕಿನ ಕೇಸಿನಲ್ಲಿ ಕೋರ್ಟಿನ ವಾಯಿದೆಗೆ ಹಾಜರಾಗಿರಲಿಲ್ಲ. ಅದಕ್ಕೆ ವಾರಂಟ್ ಹೊರಟಿತ್ತು. ಇದರಿಂದ ಆತನ ಸಾವು ಒಂದಿಷ್ಟೂ ನ್ಯಾಯವಾಗುವುದಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆದರೆ ಸ್ಟಿಕ್ಕರ್ ತಕರಾರು ಒಂದು ಚೀಟಿಯಲ್ಲಿ ಮುಗಿಯಬಹುದಿತ್ತು. ಅದು ಬೇಡಿಯವರೆಗೆ ಹೋಗಿದ್ದು ವಾರಂಟ್‌ನಿಂದ.

ನಮ್ಮವರಿಗೆ ಇದು ತಮಗೆ ಸಂಬಂಧವಿಲ್ಲದ ಕಥೆ ಎಂಬ ಭಾವನೆ. ಬಂದೂಕು ಮುಟ್ಟದ ಸಾಫ್ಟ್‌ವೇರ್ ಹುಡುಗರಿಗೂ ಇಲ್ಲಿ ವಾರಂಟ್ ಹೊರಟಿದ್ದನ್ನು ನಾನು ನೋಡಿದ್ದೇನೆ. ದಾರಿ ಒಂದೇ. ಒಂದು ಸಣ್ಣ ಟಿಕೆಟ್ (ನಿಯಮ ಮುರಿದದ್ದಕ್ಕೆ ಪೊಲೀಸರು ಕೊಡುವ ಚೀಟಿ), ಮನೆ ಬದಲಾವಣೆ, ಹಳೇ ವಿಳಾಸ.

ದಾವಣಗೆರೆ ಕಡೆಯ ಒಬ್ಬ ಹುಡುಗನ ಉದಾಹರಣೆ ಹೇಳುತ್ತೇನೆ. ಬಂದು ತಿಂಗಳುಗಟ್ಟಲೆ ಆದರೂ ಊರಿನ ಲೈಸೆನ್ಸ್‌ನಲ್ಲೇ ಕಾರು ಓಡಿಸುತ್ತಿದ್ದ. ಮಿನ್ನೆಸೋಟಾದಲ್ಲಿ ವಾಸಕ್ಕೆ ಬಂದ 60 ದಿನದೊಳಗೆ ಇಲ್ಲಿನ ಲೈಸೆನ್ಸ್ ಆಗಬೇಕು. ಪೊಲೀಸ್ ನಿಲ್ಲಿಸಿ ಟಿಕೆಟ್ ಕೊಟ್ಟರು. ಅದು ಬರೀ ದಂಡ ಕಟ್ಟಿ ಮುಗಿಸುವ ಟಿಕೆಟ್ ಅಲ್ಲ, ಕೋರ್ಟಿಗೆ ಬರಲೇಬೇಕಾದ್ದು. ಅಷ್ಟರಲ್ಲಿ ಅವನು ಅಪಾರ್ಟ್‌ಮೆಂಟ್ ಬದಲಿಸಿದ. ಕೋರ್ಟಿನ ಕಾಗದ ಹಳೇ ಮನೆಗೆ ಹೋಯಿತು. ಕಾಗದ ಬಂದಿಲ್ಲ ಎಂದರೆ ಕೇಸಿಲ್ಲ ಎಂದು ಸ್ನೇಹಿತರು ಧೈರ್ಯ ಹೇಳಿದರು. ಕೆಲವು ತಿಂಗಳಾದ ಮೇಲೆ ಹಿಂದಿನ ದೀಪ ಹೋಗಿದೆ ಎಂದು ಪೊಲೀಸ್ ಕಾರು ನಿಲ್ಲಿಸಿದಾಗ ಹೆಂಡತಿ, ಮಗುವಿನ ಮುಂದೆಯೇ ಬೇಡಿ ಬಿತ್ತು. ರಾತ್ರಿ ಲಾಕಪ್. ಆಮೇಲೆ ವಕೀಲರ ಫೀಸು ಸಾವಿರಾರು ಡಾಲರ್. ಟಿಕೆಟ್ ದಂಡಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಅಲ್ಲಿಗೇ ಮುಗಿಯಲಿಲ್ಲ. ವೀಸಾ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ಯಾವತ್ತಾದರೂ ಅರೆಸ್ಟ್ ಆಗಿದ್ದೀರಾ? ಶಿಕ್ಷೆ ಆಗಿದೆಯಾ ಎಂದಷ್ಟೇ ಅಲ್ಲ, ಅರೆಸ್ಟ್ ಆಗಿದ್ದೀರಾ ಎಂದೂ ಕೇಳುತ್ತದೆ. ಕೇಸು ವಜಾ ಆದರೂ ಉತ್ತರ ಹೌದು. ತಂಗಿ ಮದುವೆಗೆ ಊರಿಗೆ ಹೋದವನು ಸ್ಟ್ಯಾಂಪಿಂಗ್‌ಗೆಂದು (ಪಾಸ್‌ಪೋರ್ಟಿಗೆ ವೀಸಾ ಹಾಕಿಸಿಕೊಳ್ಳಲು) ಕೋರ್ಟ್ ದಾಖಲೆ ತರಿಸಿಕೊಳ್ಳುತ್ತಾ ವಾರಗಟ್ಟಲೆ ಅಲ್ಲೇ ಉಳಿಯಬೇಕಾಯಿತು.

ಈ ತಪ್ಪು ಊರಿನ ಅಭ್ಯಾಸದಿಂದ ಬರುತ್ತದೆ. ನಮ್ಮಲ್ಲಿ ವಾಯಿದೆ ತಪ್ಪಿದರೆ ವಕೀಲರು ಒಂದು ಅರ್ಜಿ ಹಾಕಿ ಮುಂದಿನ ತಾರೀಖು ತೆಗೆದುಕೊಳ್ಳುತ್ತಾರೆ. ವಾರಂಟ್ ಬಂದರೂ ಠಾಣೆಯಿಂದ ಯಾರೋ ಒಬ್ಬರು ಮನೆಗೆ ಬಂದು ತಿಳಿಸುತ್ತಾರೆ. ಇಲ್ಲಿ ಮನೆಗೆ ಬಂದು ಹೇಳುವವರಿಲ್ಲ. ವಾರಂಟ್ ಕಂಪ್ಯೂಟರಿನಲ್ಲಿ ಕೂತಿರುತ್ತದೆ, ನಿಮ್ಮ ಲೈಸೆನ್ಸ್ ಯಾರಾದರೂ ಓದುವವರೆಗೆ.

ಹಾಗಾಗಿ ಟಿಕೆಟ್ ಸಿಕ್ಕ ದಿನವೇ ಅದನ್ನು ಪೂರ್ತಿ ಓದಿ. ದಂಡ ಕಟ್ಟಿದರೆ ಸಾಕೋ, ಕೋರ್ಟಿಗೆ ಹೋಗಬೇಕೋ ನೋಡಿ. ದಂಡ ಕಟ್ಟುವುದೆಂದರೆ ತಪ್ಪು ಒಪ್ಪಿಕೊಂಡಂತೆ. ವೇಗದ ಟಿಕೆಟ್‌ಗೆ ಅದು ದೊಡ್ಡ ವಿಷಯವಲ್ಲ. ಆದರೆ ಅಂಗಡಿ ಕಳವು, ಹೊಡೆದಾಟ, ಕುಡಿದು ಓಡಿಸಿದ್ದು ಇಂಥದ್ದಾದರೆ ಇಮಿಗ್ರೇಷನ್ ವಕೀಲರನ್ನು ಕೇಳದೆ ಒಪ್ಪಿಗೆಯ ಒಂದು ಪದವೂ ಬಾಯಿಂದ ಬರಬಾರದು. ತಪ್ಪೊಪ್ಪಿಗೆಯಿಂದ ಗಡೀಪಾರು ಆಗಬಹುದಾದರೆ ಅದನ್ನು ಕಕ್ಷಿದಾರನಿಗೆ ಹೇಳುವುದು ವಕೀಲರ ಕರ್ತವ್ಯ ಎಂದು ಇಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ನೀವಾಗಿಯೇ ಕೇಳಿ, ಅವರು ಹೇಳಲಿ ಎಂದು ಕಾಯಬೇಡಿ.

ಮನೆ ಬದಲಿಸಿದರೆ ವಿಳಾಸವನ್ನು ಮೂರು ಕಡೆ ಬದಲಿಸಿ. ಇಮಿಗ್ರೇಷನ್ ಇಲಾಖೆಗೆ 10 ದಿನದೊಳಗೆ, ಲೈಸೆನ್ಸ್ ಕಚೇರಿಗೆ ನಿಮ್ಮ ರಾಜ್ಯದ ಗಡುವಿನೊಳಗೆ (ಮಿನ್ನೆಸೋಟಾದಲ್ಲಿ 30 ದಿನ), ಕೇಸು ಬಾಕಿ ಇದ್ದರೆ ಕೋರ್ಟಿಗೆ ಅವತ್ತೇ. ಅಂಚೆ ಕಚೇರಿಗೆ ಹೇಳಿದ್ದೇನಲ್ಲ ಎಂದು ಸುಮ್ಮನಿರಬೇಡಿ. ಸರ್ಕಾರಿ ಕಾಗದಗಳಲ್ಲಿ ಕೆಲವು ಹೊಸ ಮನೆಗೆ ಬರುವುದೇ ಇಲ್ಲ, ಕಳಿಸಿದವರಿಗೇ ವಾಪಸ್ ಹೋಗುತ್ತವೆ. ಟಿಕೆಟ್ ನಂಬರ್ ಹಾಕಿ ರಾಜ್ಯದ ಕೋರ್ಟ್ ವೆಬ್‌ಸೈಟಿನಲ್ಲಿ ನಿಮ್ಮ ವಾಯಿದೆಯನ್ನು ನೀವೇ ನೋಡಬಹುದು. ಎರಡು ನಿಮಿಷದ ಕೆಲಸ. ವಾರಂಟ್ ಹೊರಟಿದೆ ಎಂದು ಗೊತ್ತಾದರೆ ಗಾಬರಿಯಲ್ಲಿ ಕಾರು ಹತ್ತಬೇಡಿ. ಮೊದಲು ವಕೀಲರನ್ನು ಹಿಡಿಯಿರಿ. ತಾವಾಗಿಯೇ ಮುಂದೆ ಬಂದವರಿಗೆ ಜಡ್ಜ್ ವಾರಂಟ್ ಹಿಂಪಡೆದು ಹೊಸ ದಿನ ಕೊಡುವುದು ಸಾಮಾನ್ಯ.

ಗಣಪತಿ, ರುದ್ರಾಕ್ಷಿ, ನಿಂಬೆಹಣ್ಣು ಏನಿದ್ದರೂ ಕನ್ನಡಿಗೆ ನೇತುಹಾಕಬೇಡಿ. ಡ್ಯಾಶ್‌ಬೋರ್ಡ್ ಮೇಲೆ ಪುಟ್ಟ ಮೂರ್ತಿ ಅಂಟಿಸಿಕೊಳ್ಳಿ. ಹಲವು ರಾಜ್ಯಗಳಲ್ಲಿ ಕನ್ನಡಿಗೆ ನೇತುಹಾಕಿದ ವಸ್ತು ಕಾರು ನಿಲ್ಲಿಸಲು ನೆಪವಾಗುತ್ತದೆ.

ಅದೇ ಟಪಾಲು ಡಬ್ಬಿಗೆ ಒಂದು ದಿನ ಜ್ಯೂರಿ ಸಮನ್ಸ್ ಬರಬಹುದು. ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ತೆಗೆಯುವುದರಿಂದ ವೀಸಾದಲ್ಲಿರುವವರಿಗೂ ಬರುತ್ತದೆ. ಎಸೆಯಬೇಡಿ. ನಾನು ಅಮೆರಿಕದ ನಾಗರಿಕನಲ್ಲ ಎಂದು ಗುರುತು ಹಾಕಿ ವಾಪಸ್ ಕಳಿಸಿ, ಅಷ್ಟೇ. ಜ್ಯೂರಿಯಲ್ಲಿ ಕೂರುವ ಆಸೆಗೆ ಅಥವಾ ಅವಸರದಲ್ಲಿ ನಾಗರಿಕ ಎಂಬ ಚೌಕಕ್ಕೆ ಗುರುತು ಹಾಕಿದರೆ ಗ್ರೀನ್ ಕಾರ್ಡ್ ಕನಸೇ ಮುಗಿಯಬಹುದು. ಸುಳ್ಳಾಗಿ ನಾಗರಿಕ ಎಂದು ಹೇಳಿಕೊಳ್ಳುವುದನ್ನು ಇಲ್ಲಿನ ಇಮಿಗ್ರೇಷನ್ ಕಾನೂನು ಕ್ಷಮಿಸುವುದು ಬಹಳ ಕಷ್ಟ.

ಇನ್ನು, ನೀವು ಜ್ಯೂರಿಗೆ ಬರಲಿಲ್ಲ, ವಾರಂಟ್ ಹೊರಟಿದೆ, ಈಗಲೇ ಗಿಫ್ಟ್ ಕಾರ್ಡಿನಲ್ಲಿ ದುಡ್ಡು ಕಟ್ಟಿ ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಫೋನ್ ಇಟ್ಟು, ಕೋರ್ಟಿನ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ.